ಆಷಾಢಕ್ಕೆ ಸಿಕ್ಕಿಕೊಂಡ ವಿಳಾಸ

ಚಳ್ಳಕೆರೆಯಲ್ಲಿ ನಾನು ಅಂಗಡಿ ತೆರೆದಾಗ ಅವ್ವ ಹಣೆ ಚಚ್ಚಿಕೊಂಡಳು. "ಶೇಂಗಾ ಮಾರೋರ ಮನೇಲಿ ಹುಟ್ಟಿ ಗಾಳಿ ಮಾರ್ತೀನಿ ಅಂತೀಯಲ್ಲೇ!"

ಪೂರ್ತಿ ಸುಳ್ಳೇನಲ್ಲ. ನಾನು ಮಾರಲು ಹೊರಟಿದ್ದು ಇಂಟರ್ನೆಟ್ ವಿಳಾಸಗಳನ್ನು, ಅದೂ ಕನ್ನಡ ಅಕ್ಷರಗಳಲ್ಲಿ. ಅಂಗಡಿಯ ಬೋರ್ಡಿನ ಮೇಲಿರುವ ಹೆಸರನ್ನೇ ಮೊಬೈಲಿನಲ್ಲಿ ಒತ್ತಿದರೆ ಆ ಅಂಗಡಿಯ ಪುಟ ತೆರೆಯಬೇಕು. ಈ ವ್ಯಾಪಾರದ ಕೆಲವರು ಗಿರಾಕಿಯ ಹೆಸರನ್ನು ತಮ್ಮ ಖಾತೆಯಲ್ಲಿಟ್ಟುಕೊಂಡು ಆಮೇಲೆ ಆಟ ಆಡಿಸುತ್ತಾರೆಂದು ಕೇಳಿದ್ದೆ. ನನಗದು ಸೇರದು. ಖಾತೆ ಗಿರಾಕಿಯದೇ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು, ಎಲೆ ಅಡಿಕೆಯ ಜೊತೆ ಅವರ ಕೈಗಿಟ್ಟು ಬರುತ್ತಿದ್ದೆ. ನನ್ನಲ್ಲಿ ನಕಲು ಇಟ್ಟುಕೊಳ್ಳುತ್ತಿರಲಿಲ್ಲ. ಊರಲ್ಲಿ ನಾನೊಬ್ಬಳೇ ಪ್ರಾಮಾಣಿಕಳೆಂಬ ಜಂಭ ಬೇರೆ.

ಮೊದಲ ಗಿರಾಕಿ ಮೊಳಕಾಲ್ಮೂರಿನ ರೇಷ್ಮೆ ಸೀರೆ ಸಾಹುಕಾರರು, ಅಪ್ಪನ ಸ್ನೇಹಿತರು. "ಆಷಾಢ ಹತ್ರ ಬಂತು, ಅದಕ್ಕೆ ಮುಂಚೆ ಮುಗಿಸಿಬಿಡಮ್ಮ" ಎಂದು ಅವಸರ ಮಾಡಿದರು. ಜ್ಯೇಷ್ಠದ ಕೊನೆಯ ವಾರದಲ್ಲಿ ಹೆಸರು ನೋಂದಾಯಿಸಿದೆವು. ಚೀಟಿ ದೇವರ ಗೂಡು ಸೇರಿತು, ವಿಳಾಸ ಸೀರೆ ಡಬ್ಬಿಗಳ ಮೇಲೆ ಅಚ್ಚಾಯಿತು. ಹೊರಗಿನವರು ಪುಟ ನೋಡಿ ಸೀರೆ ಕೇಳತೊಡಗಿದರು. ಸಾಹುಕಾರರು ಹೇಳಿದರೆಂದೇ ಉಳಿದ ಗಿರಾಕಿಗಳು ನನ್ನ ಮೆಟ್ಟಿಲು ಹತ್ತಿದರು.

ಒಂದು ವರ್ಷದ ಅವಧಿ ಮುಗಿಯಲು ನಾಲ್ಕು ದಿನವಿದ್ದಾಗ, ನವೀಕರಿಸೋಣವೆಂದು ಫೋನ್ ಮಾಡಿದೆ. ಆ ಕಡೆ ಪಂಚಾಂಗ ತಿರುವಿದ ಸದ್ದು ಕೇಳಿಸಿತು.

"ಮೊನ್ನೆಯಿಂದ್ಲೇ ಆಷಾಢ ಹಿಡಿದೈತಲ್ಲಮ್ಮ!"

ನಾನು ತಲೆಯ ಮೇಲೆ ಕೈಹೊತ್ತೆ. ಇಂಗ್ಲಿಷ್ ತಾರೀಖು ಅಲ್ಲೇ ನಿಂತಿತ್ತು. ನಮ್ಮ ತಿಂಗಳುಗಳು ಹತ್ತು ಹನ್ನೊಂದು ದಿನ ಮೊದಲೇ ಬಂದಿದ್ದವು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಾ ತಿಥಿ ನೋಡುವವಳಿಗೆ ಅಷ್ಟೂ ಹೊಳೆದಿರಲಿಲ್ಲ.

"ಹೊಸದಲ್ಲ ಸಾವ್ಕಾರ್ರೆ, ಹಳೇದನ್ನೇ ಮುಂದುವರ್ಸೋದು."

"ದುಡ್ಡು ಕೊಟ್ಟು ಕಾಗದ ಮಾಡ್ಕೊಂಡ್ರೆ ಹೊಸದೇ ಕಣಮ್ಮ. ಚೀಟಿ ಶ್ರಾವಣಕ್ಕೇ ತೆಗೆಯೋದು. ಹೊಸ ಸೊಸೆ ಆಷಾಢಕ್ಕೆ ತವರಿಗೆ ಹೋಗಲ್ವಾ? ನಮ್ಮ ಹೆಸ್ರೂ ಹೋಗೈತೆ ಅಂದ್ಕೋ."

ಸೊಸೆಯನ್ನು ತವರಿನಲ್ಲಿ ಬೇರೆಯವರು ಎತ್ತಿಕೊಂಡು ಹೋಗುವುದಿಲ್ಲ, ಹೆಸರನ್ನು ಎತ್ತಿಕೊಂಡು ಹೋಗುತ್ತಾರೆ ಎಂದು ಬಾಯಿಗೆ ಬಂದಿತ್ತು. ಹಿರಿಯರೆಂದು ನುಂಗಿಕೊಂಡೆ.

ಅವಧಿ ಮುಗಿಯಿತು, ಪುಟ ಖಾಲಿಯಾಯಿತು. ಮುಗಿದ ಮೇಲೂ ಹೆಸರನ್ನು ಹಳೆಯ ಒಡೆಯನಿಗಾಗಿ ಸುಮಾರು ಒಂದು ತಿಂಗಳು ಕಾದಿರಿಸುತ್ತಾರೆಂದು ಓದಿದ್ದೆ. ಖಚಿತವೇ ಎಂದು ನೋಂದಣಿಯವರನ್ನು ಕೇಳಿದರೆ "ಸಾಮಾನ್ಯವಾಗಿ" ಎಂದರು. ಆ ಒಂದು ಪದವನ್ನೇ ನೆಚ್ಚಿಕೊಂಡು ಇಪ್ಪತ್ತು ದಿನಕ್ಕೂ ಹೆಚ್ಚು ಕಾದೆ. ಹೆಸರು ಬೇರೆಯವರ ಪಾಲಾದರೆ ಸಾಹುಕಾರರ ಡಬ್ಬಿಗಳೆಲ್ಲ ಸುಳ್ಳು ಹೇಳುತ್ತವೆ; ಅವರನ್ನು ನಂಬಿ ಬಂದವರು ನನ್ನನ್ನು ನಂಬುವುದಿಲ್ಲ. ನಕಲು ಇಟ್ಟುಕೊಳ್ಳದ ನನ್ನ ಜಂಭಕ್ಕೆ ನಾನೇ ಶಾಪ ಹಾಕಿದೆ. ಜಟಿಂಗ ರಾಮೇಶ್ವರನ ಬೆಟ್ಟ ಹತ್ತುತ್ತೇನೆಂದು ಹರಕೆಯನ್ನೂ ಹೊತ್ತೆ. ಫೋನ್ ಮಾಡಿದಾಗಲೆಲ್ಲ ಸಾಹುಕಾರರು, "ತವರಲ್ಲಿ ಚೆನ್ನಾಗೈತಂತಾ?" ಎಂದು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಶ್ರಾವಣದ ಮೊದಲ ದಿನ ಬೆಳಗಿನ ಬಸ್ಸಿಗೇ ಮೊಳಕಾಲ್ಮೂರಿಗೆ ಹೋದೆ. ಸಾಹುಕಾರರ ಹೆಂಡತಿ ಚೀಟಿ ತಂದುಕೊಟ್ಟರು. ವರ್ಷವಿಡೀ ಪೂಜೆ ಮಾಡಿ ಅದರ ತುಂಬ ಅರಿಶಿನ ಕುಂಕುಮ ಮೆತ್ತಿತ್ತು. ಒಂದು ಅಂಕಿ ಮೂರೋ ಎಂಟೋ ತಿಳಿಯಲಿಲ್ಲ. ಮೂರು ಒತ್ತಿದೆ, ತಪ್ಪೆಂದಿತು. ಎಂಟು ಒತ್ತಿದೆ, ಖಾತೆ ತೆರೆಯಿತು. ಸಾಹುಕಾರರ ಮೊಬೈಲಿಗೆ ಒಟಿಪಿ ಬಂತು, ಅವರು ಒಂದೊಂದೇ ಅಂಕಿ ಓದಿದರು. ಹಣ ಕಟ್ಟಿದ ಮೇಲೆ ಪರದೆಯ ಮೇಲೆ ಮುಂದಿನ ವರ್ಷದ ತಾರೀಖು ಕಾಣಿಸಿತು. ಹೆಸರು ಅವರದೇ ಆಗಿ ಉಳಿದಿತ್ತು. ಹೋದ ಜೀವ ಬಂದಂತಾಯಿತು. ಚಹಾ ಕುಡಿದು ಮುಗಿಸುವಷ್ಟರಲ್ಲಿ ಪುಟವೂ ತೆರೆದುಕೊಂಡಿತು.

"ಇವತ್ತಾದ್ರೂ ಹೊಟ್ಟೆ ತುಂಬ ಉಣ್ರಿ" ಎಂದು ಆ ತಾಯಿ ಗಂಡನಿಗೆ ಹೇಳಿ ನನ್ನ ಕಡೆ ತಿರುಗಿದರು. "ಆಷಾಢ ಪೂರ್ತಿ ಇವರದು ಇದೇ ಗೋಳು ಕಣಮ್ಮ. ಪೂಜೆಗೆ ಕೂತ್ರೂ ಮೊಬೈಲಲ್ಲಿ ಹೆಸ್ರು ಒತ್ತಿ ಒತ್ತಿ ನೋಡೋರು."

ನಾನು ಬೆಪ್ಪಾದೆ. "ಮತ್ತೆ ನನ್ನ ಹತ್ರ ನಗ್ತಿದ್ರಲ್ಲ ಸಾವ್ಕಾರ್ರೆ?"

ಅವರು ಚೀಟಿಯನ್ನು ಮಡಿಸುತ್ತ ತಲೆ ತಗ್ಗಿಸಿದರು.

"ನಿನ್ನ ಅಂಗಡಿಗೆ ಇನ್ನೂ ಒಂದೇ ವರ್ಷ. ನಾನೂ ಹೆದರಿದ್ದೀನಿ ಅಂತ ಗೊತ್ತಾಗಿದ್ರೆ ನೀನು ಅಂಗಡಿಗೆ ಬೀಗ ಹಾಕ್ತಿದ್ದೆ."