ಮೂರನೇ ಕೂಗು

ನಮ್ಮ ಹತ್ತಿ ವಕೀಲನ ಸುದ್ದಿ ಎತ್ತಿದರೆ ಸಾಕು, ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಹೆಸರಿಗೆ ತಕ್ಕಂತೆ ಮೆತ್ತಗಿನ ಮನುಷ್ಯ. ಎದುರು ಪಕ್ಷದ ಸಾಕ್ಷಿಗೂ ಮೊದಲು ನೀರು ಬೇಕೇ ಎಂದು ಕೇಳಿ, ಆಮೇಲೆ ಪಾಟೀ ಸವಾಲಿಗೆ ಇಳಿಯುತ್ತಿದ್ದ. ಕೋರ್ಟಿನಲ್ಲಿ ಒಂದೂ ಸುಳ್ಳಾಡಿದವನಲ್ಲ. ಕಾಲೇಜಿನಲ್ಲಿ ಆಡಿದ್ದ, ಅದೂ ನನಗಾಗಿ! ನಾನು ಬೆಳಿಗ್ಗೆ ಸೋದರಮಾವನ ಟೈಲರ್ ಅಂಗಡಿಯಲ್ಲಿ ಕಾಜಾ ಹಾಕುತ್ತಿದ್ದೆ, ಮೊದಲ ತರಗತಿ ತಪ್ಪುತ್ತಿತ್ತು. ಹಾಜರಿಯಲ್ಲಿ ನನ್ನ ಹೆಸರು ಬಂದಾಗ ಇವನೇ ಮೂಗಿನಲ್ಲಿ "ಹಾಜರ್ ಸಾರ್" ಅನ್ನುತ್ತಿದ್ದ. ಮೂರು ವರ್ಷ ಅನ್ನುತ್ತಲೇ ಇದ್ದ.

ಮುಂದೆ ಆ ಅಂಗಡಿ ನನ್ನದಾಯಿತು. ಮಳಿಗೆಯ ಮಾಲೀಕ ಖಾಲಿ ಮಾಡಿಸಲು ಕೇಸು ಹಾಕಿದ. ನನ್ನ ಪರ ವಕೀಲ ಇವನೇ. ಶಾಲೆಯ ಯೂನಿಫಾರ್ಮಿನ ಗಡಿಬಿಡಿಯಲ್ಲಿ ನಾನು ಎರಡು ಸಲ ಸಾಕ್ಷಿ ಹೇಳಲು ಹೋಗಲಿಲ್ಲ. ಇದೇ ಕೊನೆ ಅವಕಾಶ ಎಂದರು ನ್ಯಾಯಾಧೀಶರು. ಕೋರ್ಟಿನ ಜವಾನನ ಮೂರನೇ ಕೂಗಿಗೂ ಬರದಿದ್ದರೆ ಅಂಗಡಿಯ ಆಸೆ ಬಿಡಬೇಕಿತ್ತು.

ಅವತ್ತೇ ರೈಲ್ವೆ ಗೇಟು ಬೀಳಬೇಕೆ! ರೈಲು ಹೋದದ್ದೇ ಬಸ್ಸಿನಿಂದಿಳಿದು ಬಿದ್ದಂಬೀಳ ಓಡಿದೆ. ಕೋರ್ಟಿನ ಮೆಟ್ಟಿಲಲ್ಲಿರುವಾಗ ಜವಾನ ನನ್ನ ಹೆಸರನ್ನು ಎರಡನೇ ಸಲ ಕೂಗಿದ. ಬಾಯೊಣಗಿ ನನಗೆ ಸ್ವರವೇ ಹೊರಡಲಿಲ್ಲ. ಮೂರನೇ ಸಲವೂ ಕೂಗಿದ. ಒಳಗಿನಿಂದ ಮೂಗಿನ ದನಿಯೊಂದು ಬಂತು:

"ಹಾಜರ್ ಸಾರ್!"

ಸಾಕ್ಷಿ ಎಲ್ಲಿ ಎಂದು ನ್ಯಾಯಾಧೀಶರು ಕನ್ನಡಕದ ಮೇಲಿಂದ ಕೇಳಿದರು. ಕರಿಕೋಟಿನ ನನ್ನ ಗೆಳೆಯ ಕಿವಿಯವರೆಗೆ ಕೆಂಪಾಗಿ ನಿಂತಿದ್ದ.

"ತಪ್ಪಾಯ್ತು ಸ್ವಾಮಿ. ಅವನು ಇನ್ನೂ ಬಂದಿಲ್ಲ. ಕಾಲೇಜಿನ ಅಭ್ಯಾಸ, ಬಾಯ್ತಪ್ಪಿ ಬಂತು."

ಕೇಸು ಹೋದರೂ ಸರಿ, ನಿಜವನ್ನೇ ಹೇಳಿಬಿಟ್ಟ ಪುಣ್ಯಾತ್ಮ! ಇಡೀ ಕೋರ್ಟು ಗೊಳ್ಳೆಂದಿತು. ಆ ನಗು ಮುಗಿಯುವಷ್ಟರಲ್ಲಿ ನಾನು ಏದುಸಿರು ಬಿಡುತ್ತಾ ಕಟಕಟೆಯಲ್ಲಿದ್ದೆ. ನ್ಯಾಯಾಧೀಶರು ಫೈಲನ್ನು ಮುಖಕ್ಕೆ ಅಡ್ಡ ಹಿಡಿದು, ಸಾಕ್ಷಿ ಬರೆದುಕೊಳ್ಳಿ ಎಂದರು. ಅಂಗಡಿ ಉಳಿಯಿತು. ನಾನು ಇದನ್ನು ಹೇಳುತ್ತಿರುವುದೂ ಅಲ್ಲೇ, ಅದೇ ಹೊಲಿಗೆ ಯಂತ್ರದ ಮುಂದೆ ಕೂತು.

ಬಹಳ ವರ್ಷಗಳ ಮೇಲೆ ಗಂಟಲಿನ ಆಪರೇಷನ್ ಅವನ ಸ್ವರವನ್ನೇ ಕಿತ್ತುಕೊಂಡಿತು. ವಕೀಲರ ಸಂಘದವರು ಹಿರಿಯರಿಗೆ ಸನ್ಮಾನ ಇಟ್ಟುಕೊಂಡಿದ್ದರು, ನಾನೂ ಹೋಗಿದ್ದೆ. ಇವನ ಹೆಸರು ಕರೆದರು. ಹಿಂದಿನ ಸಾಲಿನಲ್ಲಿದ್ದವನು ಎದ್ದು ಕೈಯೆತ್ತಿದ, ವೇದಿಕೆಯಲ್ಲಿದ್ದ ಯಾರಿಗೂ ಕಾಣಲಿಲ್ಲ. ಮತ್ತೊಮ್ಮೆ ಕರೆದರು. ಬಂದಿಲ್ಲವೇನೋ ಎಂದು ಮುಂದಿನ ಹೆಸರಿಗೆ ಹೋಗುವುದರಲ್ಲಿದ್ದರು. ನನಗೆ ತಡೆಯಲಾಗಲಿಲ್ಲ, ಎದ್ದು ನಿಂತು ಮೂಗಿನಲ್ಲೇ ಕೂಗಿದೆ:

"ಹಾಜರ್ ಸಾರ್!"

ಅವನು ತಿರುಗಿ ನೋಡಿದ. ಸದ್ದಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು. ವೇದಿಕೆ ಹತ್ತುವವರೆಗೂ ಹಾಗೇ ನಗುತ್ತಿದ್ದ.

ಅವನು ಹೋಗಿ ಎರಡು ವರ್ಷವಾಯಿತು. ನನಗಾಗಿ ಅವನು ಮೂರು ವರ್ಷ ಕೂಗಿದ. ಅವನಿಗಾಗಿ ಕೂಗಲು ನನಗೆ ಸಿಕ್ಕಿದ್ದು ಅದೊಂದೇ ಸಲ.