ಚೀಲ ಕಾಯುತ್ತಿದ್ದವರು ಜಲಪಾತಕ್ಕೆ ಇಳಿದದ್ದು

ಎಷ್ಟೋ ವರ್ಷ ನಾನು ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯಲ್ಲಿ ಲಾರಿ ಓಡಿಸಿದೆ. ಘಟ್ಟದ ಪ್ರತಿ ತಿರುವೂ ಗೊತ್ತಿತ್ತು. ಅದೇ ರಸ್ತೆಯಿಂದ ಸ್ವಲ್ಪ ಒಳಗಿರುವ ಜಲಪಾತವನ್ನು ಮಾತ್ರ ಒಮ್ಮೆಯೂ ನೋಡಿರಲಿಲ್ಲ. ಸೊಂಟದ ನೋವು ವಿಪರೀತವಾಗಿ, ಡಾಕ್ಟರು ಇನ್ನು ಸ್ಟೇರಿಂಗ್ ಮುಟ್ಟಬೇಡಿ ಎಂದ ಮೇಲೆ ಯಲ್ಲಾಪುರದ ಮನೆಯಲ್ಲಿ ಸುಮ್ಮನೆ ಕೂತೆ. ರೇಷನ್ ಕಾರ್ಡು ತಿದ್ದಿಸಲು ತಾಲ್ಲೂಕು ಕಚೇರಿಗೆ ಹೋದ ನನ್ನ ಹೆಂಡತಿ ಅಲ್ಲಿ ಒಂದು ನೋಟಿಸು ಓದಿದಳು. ಸರ್ಕಾರದವರು ಶಿರಸಿಯಲ್ಲಿ ಪ್ರವಾಸಿ ಗೈಡ್ ತರಬೇತಿ ಕೊಡುತ್ತಾರೆ, ಸ್ಥಳೀಯರು ಯಾರು ಬೇಕಾದರೂ ಬರಬಹುದು ಎಂದಿತ್ತು. ನನ್ನನ್ನು ಕೇಳದೆಯೇ ಹೆಸರು ಬರೆಸಿ ಬಂದಳು. ಅಂದು ಅವಳ ಮೇಲೆ ರೇಗಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ತರಬೇತಿಗೆ ಬಂದವರಲ್ಲಿ ಹೆಚ್ಚಿನವರು ಕಾಲೇಜು ಮುಗಿಸಿದ ಹುಡುಗ ಹುಡುಗಿಯರು. ನನ್ನ ವಯಸ್ಸಿನವರೆಂದರೆ ನಂದೊಳ್ಳಿ ಕಡೆಯ ಒಬ್ಬ ಅಕ್ಕ ಮಾತ್ರ. ಗದ್ದೆ ಕೆಲಸ ಮಾಡಿ ಗಟ್ಟಿಯಾದ ಮೈ, ಕಾಡಿನ ಗಿಡವೆಲ್ಲ ಬಾಯಿಪಾಠ. ಹಿಂದಿನ ಬೆಂಚಿನಲ್ಲಿ ನಾವಿಬ್ಬರೂ ಜೊತೆಯಾದೆವು.

ಕಲಿಸಲು ಬಂದವಳು ನನ್ನ ಮಗಳ ಪ್ರಾಯದವಳು, ಬೆಟ್ಟ ಹತ್ತುವುದನ್ನು ಕಲಿತವಳು. ಗಾಯಾಳುವನ್ನು ಹೊತ್ತು ತರುವ ಪಾಠದ ದಿನ ಅವಳು ನನ್ನತ್ತ ಕೈ ತೋರಿಸಿದಳು.

"ನೀವು ಮಲಗಿ ಸರ್. ಎಲ್ಲರಿಗಿಂತ ಭಾರ ನೀವೇ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಬಿದಿರು, ಕಂಬಳಿಗಳ ಸ್ಟ್ರೆಚರಿನಲ್ಲಿ ನನ್ನನ್ನು ಎತ್ತಿ ಇಳಿಜಾರಿನಲ್ಲಿ ಇಳಿಯತೊಡಗಿದಾಗ ನಗು ನಿಂತಿತು. ಹತ್ತು ಚಕ್ರದ ಗಾಡಿಯನ್ನು ಮಂಜಿನಲ್ಲಿ ಘಟ್ಟ ಇಳಿಸಿದವನು ಕಣ್ಣು ಮುಚ್ಚಿ, ಬಿದಿರನ್ನು ಗಟ್ಟಿಯಾಗಿ ಹಿಡಿದು, ಕೂಗಿಕೊಂಡೆ. ಕೆಳಗಿಳಿಸಿದ ಮೇಲೆ ಅವಳು ಹೇಗಾಯಿತು ಎಂದು ಕೇಳಿದಳು.

"ಯಾರೂ ನನ್ ಹತ್ರ ಮಾತೇ ಆಡ್ಲಿಲ್ಲ ಮೇಡಂ," ಅಂದೆ. "ಎಲ್ರೂ ಕಲ್ಲು ನೋಡ್ತಿದ್ರು. ನಾನು ಅಕ್ಕಿ ಮೂಟೆ ಆಗಿಬಿಟ್ಟೆ."

ಅವಳು ನಗಲಿಲ್ಲ. ಎಲ್ಲರೂ ಬರೆದುಕೊಳ್ಳಿ ಎಂದಳು. "ಹೊರುವ ಮೊದಲು ಅವರನ್ನೇ ಕೇಳಿ, ಜೊತೆಗೆ ಬಂದವರನ್ನಲ್ಲ. ಹೊರುವಾಗ ಒಬ್ಬರಾದರೂ ಅವರ ಮುಖ ನೋಡಿಕೊಂಡು ಮಾತಾಡ್ತಾ ಇರಿ."

ತರಬೇತಿ ಮುಗಿದು, ಅಕ್ಕನಿಗೂ ನನಗೂ ಯಲ್ಲಾಪುರ ಸಮೀಪದ ಆ ಜಲಪಾತದಲ್ಲೇ ಕೆಲಸ ಸಿಕ್ಕಿತು. ಮಳೆ ನಿಂತು, ನೀರು ಇನ್ನೂ ತುಂಬಿ ಬೀಳುತ್ತಿದ್ದ ಒಂದು ಬೆಳಿಗ್ಗೆ ಹಾವೇರಿ ಕಡೆಯಿಂದ ಒಂದು ಟೆಂಪೊ ಬಂತು. ಮನೆಮಂದಿಯೆಲ್ಲ ಇಳಿದು ಮೆಟ್ಟಿಲ ಕಡೆ ಓಡಿದರು. ಕಿಟಕಿಯ ಪಕ್ಕ ನಲವತ್ತು ದಾಟಿದ ಹೆಂಗಸೊಬ್ಬರು ಉಳಿದರು. ಅವರ ಮಡಿಲ ತುಂಬ ಉಳಿದವರ ಚೀಲ, ಮೊಬೈಲು, ಒಂದು ಮಗುವಿನ ಸ್ವೆಟರು. ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಅವರ ಎರಡೂ ಕಾಲಿಗೆ ಬಲವಿರಲಿಲ್ಲ.

"ಅಕಿ ಇಲ್ಲೇ ಕುಂದರತಾಳ್ರಿ, ರೂಢಿ ಐತಿ," ಎಂದರು ಎಲ್ಲರ ಹಿಂದೆ ಇಳಿದ ಅವರ ತಂಗಿ.

ನಾನು ಕಿಟಕಿಯ ಹತ್ತಿರ ಹೋಗಿ ಅವರನ್ನೇ ಕೇಳಿದೆ. "ಕೆಳಗೆ ಹೋಗಿ ನೋಡಬೇಕು ಅಂತ ಮನಸ್ಸಿದೆಯಾ, ಅಮ್ಮಾ? ನಾವು ಕರ್ಕೊಂಡು ಹೋಗ್ತೇವೆ."

ಅವರು ತಂಗಿಯ ಮುಖ ನೋಡಿದರು. ಆಮೇಲೆ ನನ್ನ ಮುಖ. "ಗಂಡಸರು ಎತ್ತೂದು ಬ್ಯಾಡ್ರಿ," ಎಂದರು ಮೆಲ್ಲಗೆ.

ಅಷ್ಟರಲ್ಲಿ ಅಕ್ಕ ಬಂದಾಗಿತ್ತು. "ಎತ್ತುದು ನಾನು. ಹುಲ್ಲಿನ ಹೊರೆ ಹೊತ್ತವಳು, ನಿಮ್ಮನ್ನ ಹೊರುದು ಎಂತ ಕಷ್ಟ?"

ಚಹಾ ಅಂಗಡಿಯ ಮರದ ಕುರ್ಚಿಗೆ ಎರಡು ಬಿದಿರು ಕಟ್ಟಿದೆವು. ಅಕ್ಕ ಅವರನ್ನು ತಬ್ಬಿ ಎತ್ತಿ ಕೂರಿಸಿದಳು. ಹೊರುವುದಕ್ಕೆ ಅಕ್ಕ, ಇನ್ನಿಬ್ಬರು ಗೈಡ್‌ಗಳು ಮತ್ತು ಟೆಂಪೊ ಡ್ರೈವರು. ಬಿದಿರನ್ನು ಹಗ್ಗದ ಕುಣಿಕೆಯಿಂದ ಹೆಗಲಿಗೂ ಹಾಕಿಕೊಂಡರು. ನನ್ನ ಸೊಂಟ ಭಾರ ತಡೆಯದು. ಹಾಗಾಗಿ ನಾನು ಕುರ್ಚಿಯ ಮುಂದೆ, ಕೂತವರ ಮುಖ ನೋಡುತ್ತ, ಹಿಮ್ಮುಖವಾಗಿ ಮೆಟ್ಟಿಲು ಇಳಿದೆ. "ಈಗ ಎಡಕ್ಕೆ ಸ್ವಲ್ಪ ವಾಲ್ತದೆ, ಹೆದರಬೇಡಿ. ಇಲ್ಲಿ ಒಂದು ನಿಮಿಷ ನಿಲ್ತೇವೆ." ಮೊದಲು ಅವರ ತುಟಿ ಬಿಗಿದಿತ್ತು. ಅರ್ಧ ದಾರಿಯಲ್ಲಿ ಅವರೇ ನನಗೆ, "ನಿಮ್ಮ ಹಿಂದ ಬೇರು ಐತಿ, ನೋಡ್ರಿ," ಎಂದರು.

ಕೆಳಗೆ ನೀರಿನ ಅಂಚಿನಲ್ಲಿ ಕುರ್ಚಿ ಇಟ್ಟೆವು. ಮನೆಯವರು ಫೋಟೊ ತೆಗೆಯುವುದನ್ನು ಬಿಟ್ಟು ಸುತ್ತ ನಿಂತರು. ತುಂತುರು ಕುರ್ಚಿಯಲ್ಲಿದ್ದವರ ಮುಖಕ್ಕೆ ಹೊಡೆಯುತ್ತಿತ್ತು. ಆಮೇಲೆ ಕಾಲನ್ನು ನೀರಿಗೆ ಇಳಿಬಿಡಲು ಹೇಳಿದರು. ತಂಗಿ ಅಳುತ್ತಲೇ ಕಾಲು ಎತ್ತಿ ನೀರಿಗಿಟ್ಟರು.

"ಯಾಕ ಅಳ್ತಿ?" ಎಂದರು ಅವರು. "ಕಾಲಿಗೆ ಬಲ ಇಲ್ಲ ಅಷ್ಟ. ತಂಪು ಗೊತ್ತಾಗ್ತೈತಿ."

ಹತ್ತುವಾಗ ಕಷ್ಟವಾಯಿತು. ನಾಲ್ಕು ಕಡೆ ಇಳಿಸಿ ಸುಧಾರಿಸಿಕೊಂಡೆವು. ಒಂದು ಕಡೆ ಅವರು ಅಕ್ಕನ ಸೆರಗು ಸರಿಸಿ ನೋಡಿದರು. ಹಗ್ಗ ಹೆಗಲನ್ನು ಕೆಂಪಗೆ ಕೊರೆದಿತ್ತು. ಅವರು ಅಂಗೈ ಅಗಲಿಸಿ ಅಕ್ಕನ ಹೆಗಲನ್ನು ಗೇಣಿನಲ್ಲಿ ಅಳೆದರು, ಆಮೇಲೆ ಕುರ್ಚಿಯ ಅಗಲವನ್ನು. ಊರಿನಲ್ಲಿ ತಮ್ಮದೊಂದು ಹೊಲಿಗೆ ಅಂಗಡಿ ಇದೆ ಎಂದು ಆಗ ಹೇಳಿದರು.

ತಿಂಗಳಾಗಿರಬಹುದು, ಹಾವೇರಿ ಬಸ್ಸಿನ ಕಂಡಕ್ಟರು ಒಂದು ಪಾರ್ಸೆಲ್ ಕೊಟ್ಟ. ದಪ್ಪ ಕ್ಯಾನ್ವಾಸಿನ ಕೂರುವ ಜೋಲಿ, ಬೆನ್ನಿಗೆ ಆಸರೆ, ಹೆಗಲಿಗೆ ಹತ್ತಿ ತುಂಬಿದ ಅಗಲ ಪಟ್ಟಿ. ಪ್ರತಿ ಅಂಚಿಗೂ ಮೂರು ಸಾಲು ಹೊಲಿಗೆ. ಅಕ್ಕ ನನ್ನನ್ನೇ ಕೂರಿಸಿ ಪರೀಕ್ಷೆ ಮಾಡಿದಳು. ಆಮೇಲೆ ಅದರಲ್ಲಿ ಎಷ್ಟು ಮಂದಿ ಇಳಿದರೋ! ಮಂಡಿನೋವಿನ ಅಜ್ಜಂದಿರು, ಕಾಲು ಮುರಿದವರು, ತುಂಬ ದಪ್ಪಗಿದ್ದ ಒಬ್ಬ ಪೂಜಾರಿ.

ಪ್ರವಾಸೋದ್ಯಮ ಇಲಾಖೆಯ ಅಧಿಕಾರಿಯೊಬ್ಬರು ಅದನ್ನು ನೋಡಿ, ಶಿರಸಿ, ಸಿದ್ದಾಪುರದ ಜಾಗಗಳಿಗೂ ಇಂಥದ್ದೇ ಬೇಕು, ಹೊಲಿದವರು ಯಾರು ಎಂದು ಕೇಳಿದರು. ನಾನು ಫೋನ್ ನಂಬರು ಕೊಟ್ಟೆ. ಕಾಗದಪತ್ರ ತಿರುಗಲು ತಿಂಗಳುಗಳೇ ಹಿಡಿದವು, ಆದರೂ ಕೆಲಸ ಅವರಿಗೇ ಹೋಯಿತು.

ಹೊಲಿದದ್ದನ್ನು ಒಪ್ಪಿಸಲು ಬಂದ ದಿನ ಅವರು ನಮ್ಮ ಮನೆಯಲ್ಲೇ ಊಟ ಮಾಡಿದರು. ನನ್ನ ಹೆಂಡತಿಯ ಕುಪ್ಪಸದ ತೋಳು ಸರಿಯಿಲ್ಲವೆಂದು ಅಲ್ಲೇ ಹೊಲಿಗೆ ಬಿಚ್ಚಿ ತಿದ್ದಿಕೊಟ್ಟರು. ಈ ಮನುಷ್ಯನನ್ನು ಬಲವಂತವಾಗಿ ತರಬೇತಿಗೆ ಕಳಿಸಿದ್ದು ತಾನೇ ಎಂದು ಹೆಂಡತಿ ಅವರ ಮುಂದೆ ಎರಡು ಸಲ ಹೇಳಿಕೊಂಡಳು. ನಾನು ಎರಡು ಸಲವೂ ಹೌದೆಂದೆ. ಅವರು ಹೊರಡುವ ಮುಂಚೆ ಕೇಳಿದರು, "ಸಿದ್ದಾಪುರದ ಕಡೆ ನೋಡೂವಂಥಾದ್ದು ಏನೈತ್ರಿ, ಅಣ್ಣಾರ?"