ಗೀಸರು, ಹಂಡೆ ಮತ್ತು ಎರಡು ಹಾರ್ನ್

ಮನೆಯಿಡೀ ಸ್ವಿಚ್ಚು ಆರಿಸುತ್ತ ತಿರುಗುವ ಗಂಡಸು ನಾನು. ಹೆಂಡತಿ ಸುಮತಿ ಪೇಪರು ಓದುತ್ತಿರುವಾಗಲೇ ದೀಪ ಆರಿಸಿ ಬೈಸಿಕೊಂಡವನು. ಇಂಥವನು ಗೀಸರನ್ನು ಮಾತ್ರ ಮಲಗುವ ಮೊದಲು ಹಾಕಿ ಬೆಳಗಿನವರೆಗೂ ಬಿಟ್ಟಿರುತ್ತಿದ್ದೆ ಅಂದರೆ ನೀವು ನಂಬಬೇಕು.

ಕಾರಣ ಉಂಟು. ಸುಮತಿ ಪುತ್ತೂರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ನೈಟ್ ಡ್ಯೂಟಿ ಮುಗಿಸಿ ರಾಮಕುಂಜದ ನಮ್ಮ ಮನೆಗೆ ಮುಟ್ಟುವಾಗ ಒಮ್ಮೆ ಎಂಟು, ಒಮ್ಮೆ ಒಂಬತ್ತೂವರೆ. ಬದಲಿಗೆ ಬರುವವಳು ಬಂದ ಮೇಲೆ ತಾನೇ ಇವಳು ಹೊರಡುವುದು? ಬಂದವಳಿಗೆ ಬಿಸಿಬಿಸಿ ಸ್ನಾನ ಆದರೆ ನಿದ್ದೆ, ಇಲ್ಲದಿದ್ದರೆ ಹಗಲಿಡೀ ತಲೆನೋವು. ನನ್ನ ಜೆರಾಕ್ಸ್ ಅಂಗಡಿ ತೆರೆಯುವುದು ಹತ್ತೂವರೆಗೆ. ಅಷ್ಟರವರೆಗೆ ನನ್ನದು ಗೊರಕೆ. ನೀರು ಬಿಸಿ ಇದ್ದರಾಯಿತು, ನಾನು ಯಾಕೆ ಏಳಬೇಕು?

ಇದಕ್ಕೆ ನನ್ನ ಬಾಲ್ಯದ ಬೆಂಬಲವೂ ಇತ್ತು. ಅಪ್ಪ ಬಸ್ ಡ್ರೈವರ್. ಸುಳ್ಯದಲ್ಲಿ ರಾತ್ರಿ ಹಾಲ್ಟ್ ಮಾಡಿ ಮರುದಿನ ಹೊತ್ತಲ್ಲದ ಹೊತ್ತಿಗೆ ಮನೆಗೆ ಬರುತ್ತಿದ್ದರು. ಬಂದಾಗಲೆಲ್ಲ ಬಚ್ಚಲಿನ ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಅಡಿಕೆ ಸಿಪ್ಪೆಯ ಹೊಗೆ, ಗೂಟದಲ್ಲಿ ಅಪ್ಪನ ಖಾಕಿ ಅಂಗಿ. ಆಹಾ, ಮೀಟರು ಬಿಲ್ಲು ಯಾವ ರಗಳೆಯೂ ಇಲ್ಲದ ಕಾಲ! ಈಗಲೂ ಎಲ್ಲಾದರೂ ಆ ಹೊಗೆ ಮೂಗಿಗೆ ಬಡಿದರೆ ನನಗೆ ಅಪ್ಪ ಬೇಕು ಅನ್ನಿಸುತ್ತದೆ. ಈ ವಯಸ್ಸಿನಲ್ಲಿ ಹೇಳಿಕೊಳ್ಳಲು ನಾಚಿಕೆ, ಆದರೂ ಹೌದು.

ಕಳೆದ ತಿಂಗಳು ನೆರೆಮನೆಗೆ ಸೊನ್ನೆ ಕರೆಂಟು ಬಿಲ್ಲು ಬಂತು, ನಮ್ಮದು ಉಚಿತ ಮಿತಿಯನ್ನು ದಾಟಿ ಎಲ್ಲೋ ಹೋಗಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಅಂದು ರಾತ್ರಿ ಗೀಸರು ಹಾಕಲೇ ಇಲ್ಲ, ಹೇಳಲೂ ಇಲ್ಲ. ಬೆಳಿಗ್ಗೆ ಬಂದ ಸುಮತಿ ನಲ್ಲಿ ತಿರುಗಿಸಿದಳು, ತಣ್ಣೀರನ್ನೇ ಹೊಯ್ದುಕೊಂಡಳು, ಗೋಡೆಗೆ ಮುಖ ಮಾಡಿ ಮಲಗಿದಳು. ಬೈದಿದ್ದರೆ ಬಚಾವಾಗುತ್ತಿದ್ದೆ. ಮಧ್ಯಾಹ್ನ ಅಂಗಡಿಯಿಂದ ಊಟಕ್ಕೆ ಬಂದಾಗಲೂ ಅವಳಿಗೆ ನಿದ್ದೆ ಹತ್ತಿರಲಿಲ್ಲ.

ನಮ್ಮೊಂದಿಗೇ ಇರುವ ಅಮ್ಮನನ್ನು ಕೇಳಿದೆ, "ನೀನು ಹೇಗೆ ದಿನವಿಡೀ ಹಂಡೆ ಬಿಸಿ ಇಡ್ತಿದ್ದದ್ದು?"

"ದಿನವಿಡೀಯಾ? ಎಂತ ಮಾರಾಯ, ಸೌದೆ ನಿನ್ನಜ್ಜ ಕಡಿದು ಕೊಡ್ತಿದ್ರಾ? ಬಸ್ಸು ನಮ್ಮ ಮನೆ ದಾಟಿ ಕಡಬಕ್ಕೆ ಹೋಗುವಾಗ ನಿನ್ನಪ್ಪ ತಿರುವಿನಲ್ಲಿ ಎರಡು ಹಾರ್ನ್ ಹಾಕುದು. ಅದು ಕೇಳಿದ ಮೇಲೆ ನಾನು ಒಲೆ ಹೊತ್ತಿಸುದು. ಅವರು ತಿರುಗಿ ಬಂದು ಬಸ್ಸು ಇನ್ನೊಬ್ಬ ಡ್ರೈವರಿಗೆ ಕೊಟ್ಟು ಇಲ್ಲಿ ಇಳಿಯುವಾಗ ನೀರು ರೆಡಿ."

ಅಂದರೆ ಅಮ್ಮ ಒಂದು ಕಿವಿಯನ್ನು ರಸ್ತೆಗೆ ಕೊಟ್ಟೇ ಅಷ್ಟು ವರ್ಷ ಮನೆಗೆಲಸ ಮಾಡಿದ್ದಳು. ಹಂಡೆ, ಹೊಗೆ, ಖಾಕಿ ಅಂಗಿ ಎಲ್ಲ ನೆನಪಿಟ್ಟುಕೊಂಡ ನಾನು ಇದೊಂದನ್ನು ಗಮನಿಸಿಯೇ ಇರಲಿಲ್ಲ.

ಈಗ ಸುಮತಿಯ ಬಸ್ಸು ಉಪ್ಪಿನಂಗಡಿ ಮುಟ್ಟಿದ ಕೂಡಲೇ ನನಗೊಂದು ಮಿಸ್ಡ್ ಕಾಲ್. ಎದ್ದು ಗೀಸರು ಹಾಕುತ್ತೇನೆ. ಎದ್ದ ಮೇಲೆ ಸುಮ್ಮನೆ ಕೂರುವುದು ಹೇಗೆ ಅಂತ ಕಾಫಿಗೆ ಇಡುತ್ತೇನೆ. ಅವಳ ಸ್ನಾನ ಆದ ಮೇಲೆ ಇಬ್ಬರೂ ಜಗಲಿಯಲ್ಲಿ ಕುಳಿತು ಕುಡಿಯುತ್ತೇವೆ. ವಾರ್ಡಿನ ಸುದ್ದಿಯೆಲ್ಲ ಆಗಲೇ ನನಗೆ ಸಿಗುವುದು. ಈ ತಿಂಗಳ ಬಿಲ್ಲು ಬಂದಾಗ ಬೀಗುತ್ತ ಅವಳ ಮುಂದೆ ಹಿಡಿದೆ.

"ನೋಡು, ಎಷ್ಟು ಇಳಿದಿದೆ!"

ಅವಳು ಬಿಲ್ಲಿನ ಕಡೆ ನೋಡಲೇ ಇಲ್ಲ. "ಬೇಕಾದರೆ ಏರಲಿ ಮಾರಾಯ್ರೆ," ಅಂದಳು. "ನೀವು ಮಾತ್ರ ಪುನಃ ಮಲಗಿಬಿಡಬೇಡಿ."